ಆಮೆಯ ಮನೆಗೆ ನಾನು ಹಾಕಿದ ಸಹಿ

ಕಳೆದ ನವೆಂಬರಿನ ಎರಡನೆಯ ಸೋಮವಾರ ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ತಿರುವನಂತಪುರದ ಒಬ್ಬ ಪಶುವೈದ್ಯೆಯ ಕೋಣೆಯಲ್ಲಿ ನಿಂತಿದ್ದೆ. ಸ್ಟೀಲಿನ ಮೇಜಿನ ಎಡಮೂಲೆ, ತೂಕದ ಯಂತ್ರಕ್ಕೂ ಕೈ ತೊಳೆಯುವ ಬೇಸಿನ್ನಿಗೂ ನಡುವಿನ ಒಂದೂವರೆ ಅಡಿ ಜಾಗ. ಎದುರಿನ ಗೋಡೆಯ ಗಡಿಯಾರ ಎರಡು ನಿಮಿಷ ಮುಂದಿತ್ತು. ನಾನು ಹೇಳುತ್ತಿರುವುದು ನನ್ನ ಕೈಗಡಿಯಾರದ ಹೊತ್ತು. ಡಾಕ್ಟರಮ್ಮ ಅಂಗೈಯಗಲದ ಒಂದು ಆಮೆಯನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಅದರ ಬೆನ್ನನ್ನು ಒತ್ತಿದರು. ಚಿಪ್ಪು ಒಳಕ್ಕೆ ಹೋಯಿತು. ಹೆಚ್ಚೇನಲ್ಲ, ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಒತ್ತಿದರೆ ಹೋಗುವಷ್ಟು. ಬೆರಳು ತೆಗೆದರು. ಅದು ನಿಧಾನವಾಗಿ ಮೇಲೆ ಬಂತು.

ಇಂಥ ಹೊತ್ತಿನಲ್ಲೂ ಎರಡು ಗಡಿಯಾರಗಳನ್ನು ಹೋಲಿಸಿ ನೋಡುವವನು ಎಂಥ ಮನುಷ್ಯನಪ್ಪಾ ಎಂದು ನೀವು ಕೇಳಬಹುದು. ತಪಾಸಣೆಯ ಮನುಷ್ಯ. ಮೈಸೂರಿನಿಂದ ಬಂದು ಇಲ್ಲಿನ ತುಂಬ ಎಂಬ ಕಡಲತೀರದ ರಾಕೆಟ್ ಕೇಂದ್ರದಲ್ಲಿ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಬೇರೆಯವರು ಮಾಡಿದ ಸಣ್ಣ ಸಣ್ಣ ಯಂತ್ರಭಾಗಗಳು ಸರಿಯಾಗಿವೆಯೇ ಎಂದು ನೋಡುವುದು ನನ್ನ ಉದ್ಯೋಗ. ನಮ್ಮಲ್ಲಿ ಒಂದು ಪದ್ಧತಿ ಇದೆ: ಯಾವುದೇ ವಸ್ತು ಮುಂದೆ ಹೋಗಬೇಕಾದರೆ ಕಾಗದದ ಮೇಲೆ ಎರಡು ಸಹಿ ಬೇಕು. ಮಾಡಿದವನದು ಮೊದಲನೆಯದು, ನೋಡಿದವನದು ಎರಡನೆಯದು. ನಾನು ಜೀವಮಾನವಿಡೀ ಎರಡನೆಯ ಸಹಿಯವನು. ಮನೆಯಲ್ಲೂ ಅದೇ ರೋಗ. ಹಾಲಿನವನ ಲೋಟದ ಅಳತೆಯನ್ನು ನೋಡುತ್ತೇನೆ, ಬಾಗಿಲಿನ ಬೀಗವನ್ನು ಮೂರು ಸಲ ಎಳೆಯುತ್ತೇನೆ. ಜನ ಸರ್ಕಾರಿ ನೌಕರರನ್ನು ಆಮೆಗೆ ಹೋಲಿಸಿ ನಗುತ್ತಾರಲ್ಲ, ನನಗೆ ಅದರಿಂದ ಎಂದೂ ಬೇಸರವಾಗಿಲ್ಲ. ಆಮೆ ಎಡವಿದ್ದನ್ನು ಕಂಡವರಿದ್ದಾರೆಯೇ ಎಂದು ನಾನೂ ತಿರುಗಿ ಕೇಳುತ್ತಿದ್ದೆ. ಈಗ ಕೇಳುವುದಿಲ್ಲ.

ಆ ಆಮೆ ನನ್ನದಲ್ಲ, ಪದ್ಮನಾಭನದು. ಸರಿಯಾಗಿ ಹೇಳಬೇಕೆಂದರೆ ಅವನ ಮಗಳು ಅನನ್ಯಳದು. ಪದ್ಮನಾಭ ನನ್ನ ಸಹೋದ್ಯೋಗಿ, ನನ್ನೂರಿನವನೇ, ಊರಿನ ಅಂಚಿನ ಶ್ರೀಕಾರ್ಯಂ ಬಡಾವಣೆಯಲ್ಲಿ ಅಂಗೈಯಷ್ಟು ಹಿತ್ತಿಲಿನ ಮನೆ ಕಟ್ಟಿಕೊಂಡಿದ್ದಾನೆ. ಈ ಊರಿನಲ್ಲಿ ಪದ್ಮನಾಭ ಎಂದು ಹೆಸರಿಟ್ಟುಕೊಂಡವನನ್ನು ಯಾರೂ ಹೊರಗಿನವನೆಂದು ನಂಬುವುದಿಲ್ಲ. ಅವನು ಬಾಯಿ ತೆರೆದು ಮಲಯಾಳ ಮಾತಾಡುವವರೆಗೆ. ಅನನ್ಯ ಇಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರಿಸುತ್ತಾಳೆ. ಎರಡು ವರ್ಷದ ಹಿಂದೆ ಪಕ್ಕದ ಮನೆಯ ನಾಯಿ ಸತ್ತಾಗ ಈ ಹುಡುಗಿ ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ. ಐದನೆಯ ದಿನ, ತನಗೂ ಒಂದು ಪ್ರಾಣಿ ಬೇಕು ಎಂದಳು. ಪದ್ಮನಾಭ ಆರು ತಿಂಗಳು ಯೋಚಿಸಿ ಕ್ಯಾಂಟೀನಿನಲ್ಲಿ ನನ್ನ ಮುಂದೆ ತೀರ್ಮಾನ ಹೇಳಿದ.

"ನಾಯಿ ಹತ್ತು ಹದಿನೈದು ವರ್ಷಕ್ಕೆ ಅಳಿಸಿಬಿಡತ್ತೆ ಕಣೋ. ಆಮೆ ಆದ್ರೆ ಅವಳಿಗಿಂತ ಹೆಚ್ಚು ದಿನ ಇರತ್ತೆ. ಅದರ ಮಣ್ಣಿಗೆ ಇವಳು ಹೋಗೋ ಪ್ರಮೇಯಾನೇ ಇಲ್ಲ."

ಮಗಳು ಎಂದೂ ಅಳಬೇಕಾಗಿಲ್ಲದ ಪ್ರಾಣಿಯನ್ನು ಒಬ್ಬ ತಂದೆ ಹುಡುಕಿ ತಂದ. ನಾನು ಬರೆಯುತ್ತಿರುವುದೆಲ್ಲ ಇಷ್ಟರ ಬಗ್ಗೆಯೇ.

ಆಮೆಯ ಮೇಲೆ ಭಾರ ಹೊರಿಸುವ ನಮ್ಮ ಚಟ ಹಳೆಯದು. ಕಡಲು ಕಡೆಯಲು ಬೆಟ್ಟ ಬೇಕಾದಾಗ ಬೆಟ್ಟವನ್ನು ಅದರ ಬೆನ್ನಿಗೆ ಇಟ್ಟೆವು. ಭೂಮಿ ಯಾವುದರ ಮೇಲೆ ನಿಂತಿದೆ ಎಂದು ಮಗು ಕೇಳಿದರೆ ಅದರ ಬೆನ್ನನ್ನೇ ತೋರಿಸಿದೆವು. ಇಂದ್ರಿಯಗಳನ್ನು ಒಳಗೆಳೆದುಕೊಂಡ ಜ್ಞಾನಿಯನ್ನು ವರ್ಣಿಸಲು ಹಿರಿಯರಿಗೆ ಅದೇ ಬೇಕಾಯಿತು. ವಾಸ್ತುವಿನವರಂತೂ ಹಿತ್ತಾಳೆಯ ಆಮೆಯನ್ನು ತಟ್ಟೆಯ ನೀರಿನಲ್ಲಿ ಕೂರಿಸಿ, ಯಾವ ದಿಕ್ಕಿಗೆ ಮುಖ ಮಾಡಿದರೆ ಏನು ತರುತ್ತದೆ ಎಂದು ಪಟ್ಟಿ ಮಾಡಿದ್ದಾರೆ. ಇಷ್ಟೆಲ್ಲ ಹೊತ್ತ ಪ್ರಾಣಿಗೆ ಏನು ಬೇಕು ಎಂದು ಕೇಳಿದವರು ಕಡಿಮೆ. ನಾವು ಕೇಳಿದೆವು ಎಂಬ ಹೆಮ್ಮೆ ನಮಗಿತ್ತು.

ಮೊದಲು ಕೊಚ್ಚಿಯ ಒಂದು ಅಂಗಡಿಗೆ ಹೋದೆವು. ಅಂಗಡಿಯವನು ನಮ್ಮನ್ನು ಹಿಂದಿನ ಕೋಣೆಗೆ ಕರೆದು ಬಕೆಟ್ಟಿನ ಮೇಲಿನ ಬಟ್ಟೆ ಸರಿಸಿದ. ಒಳಗೆ ಆರೇಳು ನಕ್ಷತ್ರದಾಮೆಗಳು ಒಂದರ ಮೇಲೊಂದು. ನಮ್ಮ ನೆಲದ ಪ್ರಾಣಿ ಅದು. ಅದನ್ನು ಮಾರುವುದೂ ಸಾಕುವುದೂ ಕಾನೂನಿಗೆ ವಿರುದ್ಧ.

"ಸಾರೇ, ನಕ್ಷತ್ರಂ ಆಣ್. ವೀಟ್ಟಿಲ್ ಭಾಗ್ಯಂ ವರುಂ," ಎಂದ. ಮನೆಗೆ ಭಾಗ್ಯ ಬರುತ್ತದಂತೆ.

"ಆಮೆಗೇ ಬಂದಿಲ್ವಲ್ಲಪ್ಪ ಭಾಗ್ಯ, ಬಕೆಟ್ಟಲ್ಲಿ ಬಿದ್ದಿದೆ," ಎಂದು ಪದ್ಮನಾಭ ನನ್ನ ಕಿವಿಯಲ್ಲಿ ಹೇಳಿದ. ಹೊರಗೆ ಬಂದವನೇ ಅರಣ್ಯ ಇಲಾಖೆಗೆ ಫೋನ್ ಮಾಡಿದ.

ಎರಡನೆಯ ಸಲ ಹೋದದ್ದು ಕೊಚ್ಚಿಯದೇ ಕಾಕ್ಕನಾಡಿನ ಒಂದು ಫ್ಲಾಟಿಗೆ, ಶಬಾನಾ ಎಂಬ ಹುಡುಗಿಯ ಹತ್ತಿರ. ಕಾಸರಗೋಡಿನವಳು, ಅಲ್ಲಿನ ಐಟಿ ಪಾರ್ಕಿನಲ್ಲಿ ಕೆಲಸ. ಆಫ್ರಿಕಾ ಮೂಲದ ಎರಡು ಆಮೆಮರಿಗಳನ್ನು ನೋಂದಣಿ ಪತ್ರಗಳ ಸಮೇತ ಸಾಕುತ್ತಿದ್ದಳು. ಈ ಜಾತಿ ಬೆಳೆದರೆ ಆಳು ಎತ್ತಲಾರದಷ್ಟು ಭಾರವಾಗುತ್ತದೆ, ಬಿಲ ತೋಡುತ್ತದೆ. ಫ್ಲಾಟಿನಲ್ಲಿ ಎರಡಕ್ಕೆ ಜಾಗವಿಲ್ಲವೆಂದು ಒಂದನ್ನು ಕೊಡುವವಳಿದ್ದಳು. ಕೊಳ್ಳಲು ಹೋದ ನಮ್ಮನ್ನು ಸೋಫಾದಲ್ಲಿ ಕೂರಿಸಿ ಅವಳೇ ಸಂದರ್ಶನ ಮಾಡಿದಳು.

"ಹಿತ್ತಿಲುಂಟಾ ನಿಮ್ಮಲ್ಲಿ? ಗೋಡೆ ಎಷ್ಟು ಆಳಕ್ಕೆ ಹಾಕಿದ್ದೀರಿ? ಇದು ತೋಡ್ತದೆ, ಗೊತ್ತುಂಟಲ್ಲ?"

ಪದ್ಮನಾಭ ಅಡಿಪಾಯದ ಆಳ ಹೇಳಿದ.

"ನಿಮ್ಮ ನಂತರ ಯಾರು ನೋಡ್ತಾರೆ?"

ನಮ್ಮ ಜೊತೆ ಬಂದಿದ್ದ ಅನನ್ಯ ಕೈ ಎತ್ತಿದಳು. ಶಬಾನಾ ಅವಳನ್ನೇ ಸ್ವಲ್ಪ ಹೊತ್ತು ನೋಡಿ, "ಸರಿ," ಎಂದಳು. ಆಮೇಲೆ ಪಾಠ. ಹುಲ್ಲು, ದಾಸವಾಳದ ಎಲೆ, ಹಿಪ್ಪುನೇರಳೆ ಎಲೆ. ಅನ್ನ ಬೇಡ, ಹಣ್ಣು ಬೇಡ. ಸುಣ್ಣದ ಪುಡಿ ಸ್ವಲ್ಪ. ದಿನಕ್ಕೊಮ್ಮೆ ಬೆಚ್ಚಗಿನ ನೀರಿನಲ್ಲಿ ಮೀಯಿಸುವುದು. ಎಲ್ಲಕ್ಕಿಂತ ಮುಖ್ಯ ಬಿಸಿಲು.

"ಬಿಸಿಲು ಅಂದ್ರೆ ನೇರ ಬಿಸಿಲು ಆಯ್ತಾ. ಕಿಟಕಿಯ ಗಾಜಿನ ಆಚೆಯಿಂದ ಬರುವ ಬಿಸಿಲು ಲೆಕ್ಕಕ್ಕಿಲ್ಲ. ಅದು ಇಲ್ಲದಿದ್ರೆ ಎಷ್ಟು ಸುಣ್ಣ ತಿಂದ್ರೂ ಮೂಳೆಗೂ ಚಿಪ್ಪಿಗೂ ಹಿಡಿಯೂದಿಲ್ಲ."

ನಾವಿಬ್ಬರೂ ತಲೆಯಾಡಿಸಿದೆವು. ಗಾಜು ಬೆಳಕನ್ನು ಬಿಟ್ಟು, ನೇರಳಾತೀತ ಕಿರಣವನ್ನು ತಡೆಯುತ್ತದೆ ಎನ್ನುವುದು ನಮಗೆ ಹೊಸದಲ್ಲ. ಪದ್ಮನಾಭ ಅದನ್ನು ಬರೆದುಕೊಂಡ. ಕಿಟಕಿ, ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. ಹಿಂತಿರುಗುವಾಗ ಕಾರಿನಲ್ಲಿ ಮರಿಯ ಪೆಟ್ಟಿಗೆ ಆಲಪ್ಪುಳದವರೆಗೆ ನನ್ನ ತೊಡೆಯ ಮೇಲಿತ್ತು, ಅಲ್ಲಿಂದ ಮುಂದೆ ಅನನ್ಯಳ ತೊಡೆಯ ಮೇಲೆ. ಕೊಲ್ಲಂ ದಾಟುವ ಹೊತ್ತಿಗೆ ಅದಕ್ಕೆ ಹೆಸರಾಯಿತು: ಅಪ್ಪೂಪ್ಪನ್. ಎಂದರೆ ಅಜ್ಜ. ಹುಟ್ಟಿ ಮೂರು ತಿಂಗಳಾದ ಅಜ್ಜ.

ಅರಣ್ಯ ಇಲಾಖೆಯಲ್ಲಿ ಹಸ್ತಾಂತರದ ಕಾಗದಗಳನ್ನು ಮುಗಿಸುವಷ್ಟರಲ್ಲಿ ಮಳೆ ಹಿಡಿಯಿತು. ಹಿತ್ತಿಲು ಕೆಸರು. ಪದ್ಮನಾಭ ಮನೆಯೊಳಗೇ ಮರದ ಪೆಟ್ಟಿಗೆ ಕಟ್ಟಿದ, ನಾಲ್ಕಡಿಗೆ ಎರಡಡಿ. ಒಂದು ತುದಿ ಬೆಚ್ಚಗೆ, ಒಂದು ತುದಿ ತಂಪು, ನಡುವೆ ಅಡಗಲು ಅರ್ಧ ಮಡಕೆ. ಉಷ್ಣಮಾಪಕವನ್ನು ಆಮೆಯ ಮೂಗಿನ ಎತ್ತರಕ್ಕೇ ಕಟ್ಟಿದ. ನಮ್ಮ ಮೂಗಿನ ಎತ್ತರದಲ್ಲಿ ಕಟ್ಟುವವರನ್ನು ಕಂಡು ನಾವು ನಕ್ಕಿದ್ದೆವು. ಮೇಲೆ ಆಮೆಗಳಿಗೆಂದೇ ಮಾಡಿದ, ಬಿಸಿಲಿನ ಆ ಕಿರಣವನ್ನೂ ಕೊಡುವ ದೀಪ. ಆಮೇಲೆ, ನಮ್ಮ ಕಚೇರಿಯ ಕ್ರಮದಂತೆ, ಏನೇನು ಕೆಡಬಹುದು ಎಂಬ ಪಟ್ಟಿ. ವಿದ್ಯುತ್ತು ಹೋದರೆ? ಇನ್ವರ್ಟರ್. ಇರುವೆ ಬಂದರೆ? ಕಾಲುಗಳ ಕೆಳಗೆ ನೀರಿನ ಬಟ್ಟಲು. ದೀಪ ಒಡೆದು ಚೂರು ಆಮೆಯ ಮೇಲೆ ಬಿದ್ದರೆ? ಅದಕ್ಕೂ ಪದ್ಮನಾಭ ದಾರಿ ಕಂಡುಕೊಂಡ. ದೀಪದ ಕೆಳಗೆ, ಪೆಟ್ಟಿಗೆಯ ಅಗಲಕ್ಕೆ ಸರಿಯಾಗಿ, ದಪ್ಪನೆಯ ಒಂದು ಗಾಜು.

ಕಿಟಕಿ ಒಂದು ಪಟ್ಟಿಯಲ್ಲಿತ್ತು. ಈ ಗಾಜು ಇನ್ನೊಂದು ಪಟ್ಟಿಯಲ್ಲಿತ್ತು. ನಾವಿಬ್ಬರೂ ಪಟ್ಟಿಗಳನ್ನು ಬೇರೆ ಬೇರೆಯಾಗಿ ಓದಿ ರೂಢಿಯಾದವರು.

ಜೂನಿನ ಒಂದು ಶನಿವಾರ ಸಂಜೆ ನನ್ನನ್ನು ತಪಾಸಣೆಗೆ ಕರೆದರು. ಪದ್ಮನಾಭ ನಿಜವಾಗಿಯೂ ಒಂದು ಕಾಗದ ತಯಾರಿಸಿದ್ದ, ಹತ್ತೊಂಬತ್ತು ಸಾಲು, ಕೆಳಗೆ ಎರಡು ಸಹಿಗೆ ಜಾಗ. ನಾನು ಕನ್ನಡಕ ಏರಿಸಿ ಒಂದೊಂದೇ ಸಾಲಿಗೆ ಗುರುತು ಹಾಕತೊಡಗಿದೆ. ಅವನ ಹೆಂಡತಿ ಗಿರಿಜಾ ಕಾಫಿ ತಂದು, "ಆಮೆ ಮನೆಗೆ ಇಷ್ಟು ಪರೀಕ್ಷೆ. ನಮ್ಮ ಅಡುಗೆಮನೆ ಸೋರಕ್ಕೆ ಶುರುವಾಗಿ ಎರಡು ಮಳೆಗಾಲ ಆಯ್ತು, ಅದಕ್ಕೂ ಯಾರಾದ್ರೂ ಸಹಿ ಹಾಕ್ರಪ್ಪ," ಎಂದರು. ಎಲ್ಲರೂ ನಕ್ಕೆವು. ಹದಿನಾಲ್ಕನೆಯ ಸಾಲು ಗಾಜಿನದು. ನಾನು ಬಗ್ಗಿ ಅದನ್ನು ನೋಡಿದೆ. ಒಂದು ಮೂಲೆಯಲ್ಲಿ ಬೆರಳಿನ ಗುರುತಿತ್ತು. ಕರವಸ್ತ್ರದಿಂದ ಒರೆಸಿ, ಶುಚಿಯಾಗಿದೆ ಎಂದು ಗುರುತು ಹಾಕಿದೆ.

ಆ ವರ್ಷ ಮಳೆ ದೀರ್ಘವಾಗಿತ್ತು. ಆದರೆ ಈ ಊರಿನ ಮಳೆ ದಿನವಿಡೀ ಸುರಿಯುವಂಥದ್ದಲ್ಲ. ನಡುನಡುವೆ ಅರ್ಧ ಗಂಟೆ, ಒಂದು ಗಂಟೆ ಬಿಸಿಲು ಬೀಳುತ್ತದೆ. ನಾನು ಅಲ್ಲಿದ್ದಾಗಲೇ ಎರಡು ಸಲ ಅನನ್ಯ ಹಿತ್ತಿಲ ಬಾಗಿಲಿನಿಂದ ಕೂಗಿದ್ದನ್ನು ಕೇಳಿದ್ದೇನೆ. "ಅಚ್ಛಾ, ವೆಯಿಲುಂಡ್!" ಅಪ್ಪಾ, ಬಿಸಿಲಿದೆ. ಮರಿಯನ್ನು ಹೊರಗೆ ತರಲೇ ಎಂದು ಅರ್ಥ. ಹೊರಗೆ ಹದ್ದು, ಮುಂಗುಸಿ, ಒದ್ದೆ ನೆಲ. ಎಲ್ಲವೂ ಪಟ್ಟಿಯಲ್ಲಿದ್ದವು. "ಬೇಡ ಪುಟ್ಟಾ, ಅದಕ್ಕೆ ಒಳಗೇ ಇದೆಯಲ್ಲ ಬಿಸಿಲು," ಎಂದ ಪದ್ಮನಾಭ. ಅವಳು ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.

ದೀಪ ಬೆಳಗುತ್ತಿತ್ತು. ಉಷ್ಣತೆ ಸರಿಯಾಗಿತ್ತು. ಆಮೆ ಆ ಬೆಳಕಿನ ಕೆಳಗೆ ಬಂದು ಕತ್ತು ಚಾಚಿ, ಕಾಲು ಚೆಲ್ಲಿ ಮಲಗುತ್ತಿತ್ತು, ಬಿಸಿಲು ಕಾಯಿಸುವ ಆಮೆಗಳೆಲ್ಲ ಮಲಗುವ ಹಾಗೆ. ಅದೂ ನಂಬಿತ್ತು. ಅಕ್ಟೋಬರಿನಲ್ಲಿ ನಡಿಗೆ ನಿಧಾನವಾದಾಗ, ಆಮೆಯ ನಡಿಗೆ ನಿಧಾನವಾಯಿತೆಂದು ಯಾರು ದೂರು ಕೊಡುತ್ತಾರೆ? ನವೆಂಬರಿನ ಭಾನುವಾರ ಸಂಜೆ ಅದನ್ನು ಮೀಯಿಸುತ್ತಿದ್ದ ಅನನ್ಯ ನನ್ನ ಬೆರಳು ಹಿಡಿದು ಅದರ ಬೆನ್ನಿಗೆ ಇಟ್ಟಳು. "ಮಾಮಾ, ತೋಡ್ ಅಮರುನ್ನು." ಚಿಪ್ಪು ತಗ್ಗುತ್ತಿದೆ. ನಾನು ಬೆರಳು ತೆಗೆದುಬಿಟ್ಟೆ.

ಮರುದಿನ ಡಾಕ್ಟರಮ್ಮನ ಮೇಜಿನ ಬಳಿ ನಾಲ್ಕು ಜನ: ಅವರು, ಪದ್ಮನಾಭ, ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದು ಬಂದ ಅನನ್ಯ, ನಾನು. ಡಾಕ್ಟರಮ್ಮ ಊಟ ಕೇಳಿದರು, ಸುಣ್ಣ ಕೇಳಿದರು, ದೀಪ ಕೇಳಿದರು. ಪದ್ಮನಾಭ ಫೋನಿನಲ್ಲಿ ಪೆಟ್ಟಿಗೆಯ ಚಿತ್ರ ತೋರಿಸಿದ. ಅವನ ದನಿಯಲ್ಲಿ ಆಗಲೂ ಸ್ವಲ್ಪ ಹೆಮ್ಮೆಯಿತ್ತು. ಅವರು ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದರು.

"ಇದೆಂದಾ ಸಾರ್? ಚಿಲ್ಲಾಣೋ?" ಇದೇನು, ಗಾಜೇ?

ಪದ್ಮನಾಭನ ಮುಖವನ್ನು ನಾನು ನೋಡಲಿಲ್ಲ. ಆದ್ದರಿಂದ ಅದರ ಬಗ್ಗೆ ಬರೆಯಲಾರೆ. ಅವನ ಕೈ ಮೇಜಿನ ಅಂಚನ್ನು ಹಿಡಿದದ್ದನ್ನು ನೋಡಿದೆ. ಅವನು ಮೆಲ್ಲಗೆ, "ಶಬಾನಾ ಕಿಟಕಿ ಅಂದಿದ್ದಳಲ್ಲೋ," ಎಂದ. ನನಗೆ ಹೇಳಿದ್ದು. ಡಾಕ್ಟರಮ್ಮ ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. "ಇಷ್ಟು ಚೆನ್ನಾಗಿ ನೋಡಿಕೊಂಡಿದ್ದೀರಲ್ಲ," ಎಂದು ಮಲಯಾಳದಲ್ಲಿ ಹೇಳಿ ಸೂಜಿ ಸಿದ್ಧ ಮಾಡಿದರು.

ಅಪ್ಪೂಪ್ಪನ್ ಇನ್ನೂ ಒಂಬತ್ತು ದಿನ ಬದುಕಿತ್ತು. ಗಾಜು ತೆಗೆದೆವು, ಸೂಜಿ ಹಾಕಿಸಿದೆವು, ಬಿಸಿಲು ಬಂದಾಗಲೆಲ್ಲ ಅನನ್ಯ ಅದನ್ನು ಹಿತ್ತಿಲಿಗೆ ಒಯ್ದು ಹದ್ದು ಬಾರದಂತೆ ಪಕ್ಕದಲ್ಲೇ ಕೂತಳು. ಆ ಒಂಬತ್ತು ದಿನದಲ್ಲಿ ಏಳು ದಿನ ಒಳ್ಳೆಯ ಬಿಸಿಲಿತ್ತು. ಹತ್ತನೆಯ ದಿನ ಹಿತ್ತಿಲಿನಲ್ಲೇ ಮಣ್ಣು ಮಾಡಿದೆವು. ಅವಳಿಗಾಗಿ ತಪ್ಪಿಸಬೇಕೆಂದಿದ್ದುದನ್ನು ಅವಳ ಕೈಯಿಂದಲೇ ಮಾಡಿಸಿದೆವು.

ಅಂದು ಸಂಜೆ ನಾನು ಅವಳ ಪಕ್ಕ ಮೆಟ್ಟಿಲ ಮೇಲೆ ಕೂತು ವಿಷಯ ಹೇಳಿದೆ. ಅಪ್ಪನದೊಂದೇ ತಪ್ಪಲ್ಲ, ನೋಡಬೇಕಾದವನು ನಾನು, ಸಹಿ ನನ್ನದು.

"ಮಾಮನ್ ನೋಕ್ಕಿಯತಲ್ಲೇ?" ಎಂದಳು. ನೀನು ನೋಡಿದೆಯಲ್ಲವೇ?

"ನೋಡಿದೆ ಪುಟ್ಟಾ. ಗಾಜು ಶುಚಿಯಾಗಿದೆಯಾ ಅಂತ ನೋಡಿದೆ."

ಅವಳು ಹಿತ್ತಿಲಿನ ಕಡೆ ನೋಡುತ್ತ, "ವೆಯಿಲುಂಡೆನ್ನ್ ಞಾನ್ ಪರಞ್ಞತಲ್ಲೇ," ಎಂದಳು. ಬಿಸಿಲಿದೆಯೆಂದು ನಾನು ಹೇಳಿದ್ದೆನಲ್ಲ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದ ಸಂಗತಿ ಹೇಳಿದಳು, ಅಷ್ಟೇ.

ಈಗ ನಮ್ಮ ಕಚೇರಿಯ ಹುಡುಗರು ಯಾರಾದರೂ ಆಮೆ ಸಾಕಬೇಕೆಂದು ಬಂದರೆ, ನಾನು ಹೇಳುವುದು ಬಹಳವಿಲ್ಲ. ಪತ್ರವಿಲ್ಲದ್ದನ್ನು ಕೊಳ್ಳಬೇಡಿ. ನಿಮ್ಮ ನಂತರ ಅದು ಯಾರದು ಎಂದು ಈಗಲೇ ಕೇಳಿಕೊಳ್ಳಿ. ಮನೆ ಕಟ್ಟಿದ ಮೇಲೆ ಅದಕ್ಕೂ ಆಕಾಶಕ್ಕೂ ನಡುವೆ ನೀವು ಪ್ರೀತಿಯಿಂದ ಏನೇನು ಇಟ್ಟಿದ್ದೀರಿ, ಒಂದೊಂದನ್ನೇ ಎತ್ತಿ ನೋಡಿ. ಇದನ್ನು ಕೇಳಿ ಕೆಲವರು ಮೀನು ಸಾಕುತ್ತೇವೆಂದು ಹೊರಟುಹೋಗುತ್ತಾರೆ. ಅದೂ ಒಳ್ಳೆಯದೇ.

ಚಿಪ್ಪು ಬೆರಳಿನ ಕೆಳಗೆ ಒಳಕ್ಕೆ ಹೋಗಿ ಮೇಲೆ ಬಂದದ್ದನ್ನು ಆ ಸೋಮವಾರ ನಾಲ್ವರು ಕಂಡೆವು. ನಾನು ಕಂಡಷ್ಟನ್ನು ಬರೆದಿದ್ದೇನೆ. ಡಾಕ್ಟರಮ್ಮ ಅದೇ ಕೋಣೆಯಲ್ಲಿದ್ದಾರೆ, ದಿನಕ್ಕೆ ನೂರು ಪ್ರಾಣಿ ನೋಡುವವರು. ಅವರು ಮರೆತಿದ್ದರೆ ತಪ್ಪಲ್ಲ. ಪದ್ಮನಾಭ ಇದ್ದಾನೆ, ದಿನವೂ ನನ್ನ ಎದುರಿಗೆ ಕೂತು ಊಟ ಮಾಡುತ್ತಾನೆ, ಈ ಮಾತು ಎತ್ತುವುದಿಲ್ಲ. ಮತ್ತು ಅನನ್ಯ. ಅವಳಿಗೆ ಈಗ ಹನ್ನೆರಡು. ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಇರುವವಳು ಅವಳು. ನಾನು ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಬೇಕಾದವಳೂ ಅವಳೇ.