ಹಿಮ್ಮೇಳದ ಅಯೋನಿಯ ಹನ್ನೆರಡನೆಯ ಹಾಡು

ಕಿಂಗ್‌ಸ್ಟನ್ನಿನ ಕೊರೊನೇಶನ್ ಮಾರ್ಕೆಟ್ಟಿನಲ್ಲಿ ಅಯೋನಿ ಲಾರ್ಮಂಡ್ ಹತ್ತೊಂಬತ್ತು ವರ್ಷದಿಂದ ಯಾಮ್ ಗೆಡ್ಡೆ ಮಾರುತ್ತಿದ್ದಳು. ಸಂಜೆ ಹೊತ್ತು ರೆಕಾರ್ಡು ತಯಾರಿಸುವ ವಿಟ್ಟರ್‌ನ ಸ್ಟುಡಿಯೋದಲ್ಲಿ ಹಿಮ್ಮೇಳ ಹಾಡುತ್ತಿದ್ದಳು. ಹಿಮ್ಮೇಳವೆಂದರೆ ಇನ್ನೇನು, ಗಂಡಸರ ಬೆನ್ನಿಗೆ ನಿಂತು 'ಊ' ಎನ್ನುವುದು, 'ಆ' ಎನ್ನುವುದು. ರೆಕಾರ್ಡಿನ ಹೊದಿಕೆಯ ಮೇಲೆ ಅವಳ ಹೆಸರು ಒಂದು ಸಲವೂ ಬಂದಿರಲಿಲ್ಲ.

ಎಂಬತ್ತೈದನೇ ಇಸವಿಯಲ್ಲಿ ವಿಟ್ಟರ್ ಡ್ರಮ್ಮು, ಬೇಸ್ ಗಿಟಾರು ಸೇರಿಸಿ ಒಂದು ರಿದಂ, ಅಂದರೆ ಹಾಡಿಲ್ಲದ ಬರೀ ವಾದ್ಯದ ಧಾಟಿ, ಕಟ್ಟಿಸಿದ. ಒಳ್ಳೆಯ ರಿದಂ ಸಿಕ್ಕರೆ ನಮ್ಮಲ್ಲಿ ಅದನ್ನು ಒಬ್ಬನ ಹಾಡಿಗೇ ಮುಗಿಸುವುದಿಲ್ಲ. ಹತ್ತಾರು ಹಾಡುಗಾರರು ಅದರ ಮೇಲೆ ತಮ್ಮ ತಮ್ಮ ಹಾಡು ಕೂರಿಸುತ್ತಾರೆ, ಎಲ್ಲ ಸೇರಿ ಒಂದು ರೆಕಾರ್ಡಾಗುತ್ತದೆ. ಹನ್ನೊಂದು ಗಂಡಸರು ಹಾಡಿದರು. ಹನ್ನೊಂದಕ್ಕೂ ಹಿಮ್ಮೇಳ ಅಯೋನಿಯದೇ. ಖಾಲಿ ಉಳಿದಿದ್ದ ಹನ್ನೆರಡನೆಯ ಜಾಗ ತನಗೆ ಬೇಕೆಂದು ಅವಳು ನೇರವಾಗಿ ಕೇಳಿದಳು.

ವಿಟ್ಟರ್ ಕೆಟ್ಟವನಲ್ಲ, ಆದರೆ ಜಗಮೊಂಡ. ಈ ರಿದಂ ಗಂಡಸರ ಶ್ರುತಿಯದು, ನಿನಗೆ ತಗ್ಗಾಗುತ್ತದೆ ಎಂದ. ಟೇಪಿನ ವೇಗ ಹೆಚ್ಚಿಸಿ ಶ್ರುತಿ ಏರಿಸಬಹುದಿತ್ತು; ಆದರೆ ಆಗ ಕುಣಿತದ ಕೂಟಗಳಲ್ಲಿ ರೆಕಾರ್ಡು ಹಾಕಿ ಹಾಡಿನಿಂದ ಹಾಡಿಗೆ ತಾಳ ತಪ್ಪದೆ ದಾಟಿಸುವವರು ಬಾಯಿಗೆ ಬಂದಂತೆ ಬೈಯುತ್ತಾರೆ. ಶನಿವಾರ ಮಧ್ಯಾಹ್ನ ಇದ್ದ ಶ್ರುತಿಯಲ್ಲೇ ಹಾಡಿ ತೋರಿಸು, ಆಗದಿದ್ದರೆ ಅಲ್ಲಿ ಬರೀ ರಿದಂ ಹಾಕುತ್ತೇನೆ ಎಂದ.

ವಾರವಿಡೀ ಅಯೋನಿ ತಗ್ಗು ದನಿಯಲ್ಲೇ ಗಿರಾಕಿಗಳನ್ನು ಕೂಗಿದಳು. ಮಾರ್ಕೆಟ್ಟೆಲ್ಲ ನಕ್ಕಿತು. ಆ ಹನ್ನೊಂದು ಜನರಲ್ಲೊಬ್ಬನಾದ ಡಾಲ್ಟನ್ ಟ್ರವರ್ಸ್ ಗೆಡ್ಡೆ ಕೊಳ್ಳುವ ನೆಪದಲ್ಲಿ ಬಂದು ಕೆಣಕಿದ.

"ಏನ್ ಮಿಸ್ ಅಯೋನಿ, ನೆಗಡಿನಾ? ಇಲ್ಲ ಮೀಸೆ ಬರ್ತಾ ಇದ್ಯಾ?"

"ಶನಿವಾರ ಬಾ, ತೋರಿಸ್ತೀನಿ," ಎಂದು ಅವಳು ಗೆಡ್ಡೆ ತೂಗಿಕೊಟ್ಟಳು.

ಶನಿವಾರ ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥ ವ್ಯಾಪಾರ ಬಿಟ್ಟು ಅವಳು ಸ್ಟುಡಿಯೋಗೆ ಹೋದಳು. ಅವಳ ಹಾಡು, ಗೆಡ್ಡೆಯ ಮೂಟೆಗಳ ಮೇಲೆ ಕೂತು ಲಾರಿಯಲ್ಲಿ ಬೆಟ್ಟ ಇಳಿಯುವ ಹೆಂಗಸರ ಕುರಿತದ್ದು. ಮೊದಲ ಸಲ ಪಲ್ಲವಿಯ ಕೊನೆಯ ತಗ್ಗು ಸ್ವರ ಸಿಗಲಿಲ್ಲ, ಬರೀ ಉಸಿರು ಬಂತು. ಗಾಜಿನಾಚೆ ವಿಟ್ಟರ್ ಆಗುವುದಿಲ್ಲವೆಂದು ಕೈಯಾಡಿಸಿದ. ಅವಳಿಗೆ ಅಳು ಬಂತು, ನುಂಗಿಕೊಂಡು ಇನ್ನೊಂದು ಸಲ ಎಂದಳು. ಈ ಸಲ ಆ ಸ್ವರದ ಹತ್ತಿರ ಬಂದಾಗ ಅವಳು ಹಾಡಲೇ ಇಲ್ಲ. ಚೌಕಾಸಿ ಮಾಡುವವರಿಗೆ ಕಡ್ಡಿ ಮುರಿದಂತೆ ಹೇಳುವ ದನಿಯಲ್ಲಿ, ತಾಳ ತಪ್ಪದೆ, ಆ ಸಾಲನ್ನು ಮಾತಾಗಿ ಆಡಿಬಿಟ್ಟಳು.

ವಿಟ್ಟರ್ ಟೇಪನ್ನು ಹಿಂದಕ್ಕೋಡಿಸಿ ದೊಡ್ಡ ಸ್ಪೀಕರಿನಲ್ಲಿ ಹಾಕಿದ. ಅಂಗಳದಲ್ಲಿದ್ದ ಹಾಡುಗಾರರು ತಗಡಿನ ಬೇಲಿಯನ್ನು ದಬದಬ ಬಡಿದರು. ಮತ್ತೊಮ್ಮೆ ಹಾಕು ಎಂದು ಕೇಳುವುದು ನಮ್ಮಲ್ಲಿ ಹಾಗೆಯೇ.

"ಜಾಗ ನಿಂದೇ ಮಿಸ್ ಅಯೋನಿ," ಎಂದ ವಿಟ್ಟರ್. "ಹಿಮ್ಮೇಳ ಏನೂ ಬೇಡ, ಹೀಗೇ ಚೆನ್ನಾಗಿದೆ."

"ಹನ್ನೊಂದು ಜನರ ಹಿಂದೆ ನಾನು ನಿಂತಿದೀನಿ ಮಿಸ್ಟರ್ ವಿಟ್ಟರ್. ನನ್ನ ಹಿಂದೆ ಯಾರಾದ್ರೂ ನಿಲ್ಲಲೇಬೇಕು."

ಬಾಗಿಲಿಗೆ ಬಂದಿದ್ದ ಗಂಡಸರು ಒಬ್ಬರನ್ನೊಬ್ಬರು ಮುಂದೆ ತಳ್ಳಿದರು. ಕೊನೆಗೆ ಟ್ರವರ್ಸ್ ಟೋಪಿ ತೆಗೆದು ಒಳಗೆ ಬಂದು ಅವಳ ಹಿಂದೆ ನಿಂತ. ಅವನ 'ಊ' ಶ್ರುತಿ ತಪ್ಪಿತು. ಅಯೋನಿ ಟೇಪು ನಿಲ್ಲಿಸಲು ಹೇಳಿ ಮೊದಲಿಂದ ಹಾಡಿಸಿದಳು. ಮತ್ತೆ ತಪ್ಪಿತು, ಮತ್ತೆ ಹಾಡಿಸಿದಳು. ಸರಿಬರುವವರೆಗೂ ಅವನನ್ನು ಮನೆಗೆ ಬಿಡಲಿಲ್ಲ.