ಹಳೇಬೀಡಿಗೆ ಹೋಗಿಬಂದ ಅರ್ಧ ಟೀ

ಕೆಂಚಪ್ಪ ಮೊದಲು ಕೈಯಿಂದ ಗ್ಲಾಸು ಕಸಿದುಕೊಳ್ಳುತ್ತಿದ್ದ, ಆಮೇಲೆ "ಕುಡ್ದಾಯ್ತಾ?" ಅಂತ ಕೇಳುತ್ತಿದ್ದ. ಅರಸೀಕೆರೆ ಬಸ್ ಸ್ಟ್ಯಾಂಡಿನ ಎದುರಿನ ನಮ್ಮ ಅಂಗಡಿಯಿಂದ ಸುತ್ತಲಿನವರಿಗೆಲ್ಲ ಟೀ ಕೊಟ್ಟು, ಖಾಲಿ ಗ್ಲಾಸು ವಾಪಸು ತರುವ ಕೆಲಸ ಅವನದು. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಅವನ ಬಗ್ಗೆ ಬರೆಯದೆ ಇರಲಾರೆ. ನನ್ನ ಮೊಮ್ಮಗಳು ಭವ್ಯ ಡಾಕ್ಟರೇಟು ತಗೊಂಡಿದ್ದು ಅವನಿಂದ. ಹಾಗಂತ ಅವಳೇ ಹೇಳುತ್ತಾಳೆ.

ತಪ್ಪು ಅವನದಲ್ಲ, ನನ್ನದು. ನಾಲ್ಕು ಬಸ್ಸು ಒಟ್ಟಿಗೆ ಬಂದರೆ ನನಗೆ ಗಾಬರಿ. ಒಲೆ ಮುಂದಿನಿಂದಲೇ "ಗ್ಲಾಸು, ಗ್ಲಾಸು" ಅಂತ ಕೂಗುತ್ತಿದ್ದೆ. ಕೂಗಿದಷ್ಟೂ ಅವನಿಗೆ ಇನ್ನೆರಡು ಕೈ ಹುಟ್ಟುತ್ತಿದ್ದವೋ ಏನೋ. ಒಂದು ಸಲ ಬೇಲೂರಿನ ಬಸ್ಸಿನ ಕಿಟಕಿಯಲ್ಲಿ ಒಬ್ಬರು ಟೀ ಕುಡಿಯುತ್ತಿರುವಾಗಲೇ ಬಸ್ಸು ಹೊರಟುಬಿಟ್ಟಿತು. ಕೆಂಚಪ್ಪ ಓಡಿ ಹತ್ತಿದ. ಸಂಜೆ ವಾಪಸು ಬಂದಾಗ ಕೈಯಲ್ಲಿ ಗ್ಲಾಸು, ಅದರಲ್ಲಿ ಅರ್ಧ ಟೀ.

"ಎಲ್ಲಿಗೋಗಿದ್ಯೋ?"

"ಹಳೇಬೀಡ್ ತಂಕ ಅಕ್ಕಾ. ಆವಯ್ಯ ಬಿಡ್ಲೇ ಇಲ್ಲ."

"ಟೀ ಇನ್ನೂ ಐತಲ್ಲೋ."

"ನೀವು ಕೇಳಿದ್ದು ಗ್ಲಾಸಲ್ವಾ?"

ಭವ್ಯ ಮೈಸೂರಿನಲ್ಲಿ ನರಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಕೊನೆಯ ಮೌಖಿಕ ಪರೀಕ್ಷೆಗೆ ವಾರವಿರುವಾಗ ಅಳುತ್ತ ಬಂದಳು. ನೀನು ಹೇಳುವುದು ನಿನಗೇ ಅರ್ಥವಾಗಿಲ್ಲ ಎಂದು ಅವಳ ಮೇಷ್ಟ್ರು ಅಂದಿದ್ದರಂತೆ. ಅಲ್ಲಿ ತಡವರಿಸಿದರೆ ಐದು ವರ್ಷದ ದುಡಿಮೆ ನೀರುಪಾಲು. ನನಗೇ ಹೇಳು ನೋಡೋಣ ಎಂದು ಟೀ ಕೊಟ್ಟು ಬೆಂಚಿನ ಮೇಲೆ ಕೂರಿಸಿದೆ.

"ಒಂದು ನರದ ಕೋಶ ಇನ್ನೊಂದಕ್ಕೆ ಸುದ್ದಿ ಹೇಳೋಕೆ ಒಂದು ರಸ ಸುರಿಯತ್ತೆ ಅಜ್ಜಿ. ಆ ರಸನ ವಾಪಸು ಎತ್ಕೊಳ್ಳೋಕೆ ಟ್ರಾನ್ಸ್‌ಪೋರ್ಟರ್ ಅಂತ ಇರ್ತವೆ. ಗಾಬರಿಯಾದಾಗ ಹುಟ್ಟೋ ಹಾರ್ಮೋನು ಕೋಶದೊಳಕ್ಕೆ ಹೋಗಿ, ಅವನ್ನ ಮಾಡೋ ಜೀನನ್ನ ಎಬ್ಬಿಸತ್ತೆ. ನಾನು ನೋಡಿದ ಕೋಶದಲ್ಲಿ..."

ಅಷ್ಟರಲ್ಲಿ ಬಸ್ಸುಗಳು ಬಂದವು. ನಾನು ಕೂಗಿದೆ. ಕೆಂಚಪ್ಪ ಅವಳ ಕೈಯ ಗ್ಲಾಸು ಕಸಿದುಕೊಂಡು "ಕುಡ್ದಾಯ್ತಾ?" ಅಂದ. ಅವಳು ಕುಡಿದಿದ್ದು ಒಂದೇ ಗುಟುಕು.

ಭವ್ಯ ಖಾಲಿ ಕೈ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು.

"ಹಾರ್ಮೋನು ನೀನೇ ಕಣಜ್ಜಿ. ನೀನು ಕೂಗಿದ್ರೆ ಎತ್ತೋ ಕೈ ಜಾಸ್ತಿಯಾಗತ್ತೆ. ಸುದ್ದಿ ಪೂರ್ತಿ ಮುಟ್ಟೋ ಮೊದಲೇ ರಸ ವಾಪಸು."

ಪರೀಕ್ಷೆಯಲ್ಲಿ ಇದನ್ನೇ ಹೇಳಿದಳಂತೆ. ಪರೀಕ್ಷಕರು ತಮ್ಮ ಮುಂದಿದ್ದ ಟೀ ಬೇಗ ಬೇಗ ಕುಡಿದು ಮುಗಿಸಿ, ಡಾಕ್ಟರೇಟು ಕೊಟ್ಟರು. ಆ ದಿನ ಕಣಕಟ್ಟೆ ಬಸ್ಸಿಗೆ ಕಾದಿದ್ದವರಿಗೆಲ್ಲ ಹಾರ್ಮೋನು ನಾನೇ ಎಂದು ಹೇಳಿಕೊಂಡು ತಿರುಗಿದೆ. ಯಾರೂ ಅಲ್ಲ ಅನ್ನಲಿಲ್ಲ.

ಕೆಂಚಪ್ಪ ಈಗಿಲ್ಲ. ತೀರಿಹೋಗುವ ಒಂದು ತಿಂಗಳು ಮುಂಚೆ, ಕಾಲಿಗೆ ಶಕ್ತಿಯಿಲ್ಲದೆ ಗಂಡಸಿ ಊರಲ್ಲಿ ತನ್ನ ಮಗಳ ಮನೆಯಲ್ಲಿದ್ದಾಗ, ಭವ್ಯಳ ದಪ್ಪ ಪುಸ್ತಕ ತೋರಿಸಲು ಹೋಗಿದ್ದೆವು. ಕೃತಜ್ಞತೆಯ ಪುಟದಲ್ಲಿ ಅವನ ಹೆಸರಿತ್ತು.

"ಇದ್ರಾಗೆ ನಾನೇನ್ ಮಾಡ್ತಿದೀನವ್ವ?"

"ಗ್ಲಾಸು ಎತ್ತುತಾ ಇದೀರ ತಾತ."

"ಇಲ್ಲೂವಾ?" ಅಂತ ನಿಟ್ಟುಸಿರು ಬಿಟ್ಟ.

ಮಗಳು ಎಲ್ಲರಿಗೂ ಟೀ ತಂದಳು. ಬಸ್ಸಿಗೆ ಹೊತ್ತಾಯಿತೆಂದು ನನಗೆ ಗಾಬರಿ ಶುರುವಾಯಿತು. ನನ್ನ ಗ್ಲಾಸು ಇಟ್ಟವಳು ಅವನದಕ್ಕೂ ಕೈ ಹಾಕಿದೆ. ಕೆಂಚಪ್ಪ ಅದನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡ.

"ತಡೀರಿ ಅಕ್ಕಾ, ಇನ್ನೂ ಐತೆ."