ಹಲ್ಲು ಮುರಿದರೆ ಸಿಗುತ್ತದೆ

ಕುಂಸಿಯ ಗಂಗಾಧರಪ್ಪ ಭದ್ರಾವತಿಯ ಕಬ್ಬಿಣದ ಕುಲುಮೆಗೆ ಎತ್ತಿನ ಗಾಡಿಯಲ್ಲಿ ಸೌದೆ ಹೊಡೆದವರು. ನಡುದಾರಿಯಲ್ಲಿ ಗಾಡಿಯ ಅಚ್ಚು ಮುರಿದಾಗ ಒಂದು ಸೌದೆಯನ್ನೂ ಇಳಿಸದೆ ಬೆನ್ನು ಕೊಟ್ಟು ಎತ್ತಿ ಹಿಡಿದರಂತೆ. ಅವರ ಹೆಂಡತಿ ವೀರಮ್ಮ ಹುಲ್ಲುಗಾವಲಿನಲ್ಲಿ ಹುಲ್ಲು ಕೊಯ್ದು, ಹೊರೆಯನ್ನು ರೈಲಿಗೆ ಹತ್ತಿಸಿ, ಶಿವಮೊಗ್ಗದ ಜಟಕಾ ಕುದುರೆಗಳಿಗೆ ಮಾರಿ ಮಕ್ಕಳನ್ನು ದಡ ಸೇರಿಸಿದಾಕೆ. ಕುಡುಗೋಲಿನ ಬಾಯಿ ಹೋಗಬಾರದೆಂದು, ಕಲ್ಲಿದ್ದ ಕಡೆಯೆಲ್ಲ ಹುಲ್ಲಿನ ತುದಿ ಸೇರಿಸಿ ಗಂಟು ಹಾಕುವುದು ಆಕೆಯ ಪದ್ಧತಿ. ಮಗ ಧರ್ಮಪ್ಪ ತನ್ನ ಬೀದಿಗೆ ಮೊದಲ ಟ್ರ್ಯಾಕ್ಟರ್ ತಂದವನು. ಗಂಡು ಸಂತಾನವಿಲ್ಲವೆಂದು ಕೊರಗುತ್ತ ಕೂರದೆ ಮಗಳು ತನುಜಾಳ ಕೈಗೆ ಸ್ಟೇರಿಂಗ್ ಕೊಟ್ಟವನು.

ಈ ತನುಜಾ ಮದುವೆಯಾಗಿ ಮಾಚೇನಹಳ್ಳಿಗೆ ಬಂದಳು. ತವರಿನ ಉಡುಗೊರೆಯಾಗಿ ಟ್ರ್ಯಾಕ್ಟರೂ ಹಿಂದೆಯೇ ಬಂತು. ಉಳುಮೆಗೆ, ಗೊಬ್ಬರಕ್ಕೆ, ಹುಲ್ಲು ಸವರುವುದಕ್ಕೆ ಸುತ್ತಲಿನವರು ಇವಳನ್ನೇ ಕರೆಯುತ್ತಿದ್ದರು. ಗಂಡಸರೇ ಸ್ಲ್ಯಾಷರ್ ಕಟ್ಟಲು ಹೆದರುವ ದಿಬ್ಬದಲ್ಲೂ ಇವಳು ಹೊಡೆದದ್ದುಂಟು.

ನಾಲ್ಕು ವರ್ಷದ ಹಿಂದೆ ಒಂದು ದಿನ, ಗಂಡ ರುದ್ರೇಶ್ ಬುತ್ತಿ ತಂದು ಹೊಲದ ಬದುವಿನ ಮೇಲೆ ನಿಂತಿದ್ದ. ಸ್ಲ್ಯಾಷರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಕಬ್ಬಿಣದ ತಟ್ಟೆಯಡಿ ಗಿರಗಿರ ಸುತ್ತುವ ದಪ್ಪ ಕತ್ತಿ. ಹುಲ್ಲೇನು, ಸಿಕ್ಕಿದ್ದನ್ನೆಲ್ಲ ಬಡಿದು ಎಸೆಯುತ್ತದೆ. ಅಡಿಕೆಯಷ್ಟು ದಪ್ಪದ ಒಂದು ಕಲ್ಲು ಹಾರಿ ಅವನ ಎಡಗಣ್ಣನ್ನು ತೆಗೆದುಕೊಂಡು ಹೋಯಿತು. ಓಡಿಸುತ್ತಿದ್ದವಳು ತನುಜಾ. ಆ ಸ್ಲ್ಯಾಷರನ್ನು ಅವಳು ಗುಜರಿಗೆ ಹಾಕಿದಳು. ಒಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ ರುದ್ರೇಶ್ ಈಗ ಅದರದೇ ಗೇಟ್ ಕಾಯುತ್ತಾನೆ. ಅವನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವಳ ಎದೆ ಹಗುರಾಗುತ್ತಿತ್ತೇನೋ.

ಈ ಸಲ ಸಂಕ್ರಾಂತಿ ಕಳೆದ ಮೇಲೆ ಭದ್ರಾವತಿಯಿಂದ ಕರೆ ಬಂತು. ಮುಚ್ಚಿಹೋದ ಒಂದು ಕಾರ್ಖಾನೆಯ ಹಳೇ ಕ್ವಾರ್ಟರ್ಸ್, ಅದರ ಹಿಂದೆ ಹದಿನೈದು ಎಕರೆ ಹುಲ್ಲು, ಆಳೆತ್ತರ. ಹೋದ ಬೇಸಿಗೆಯಲ್ಲಿ ಅದಕ್ಕೆ ಬೆಂಕಿ ಬಿದ್ದು, ಚಿನ್ನಮ್ಮ ಎಂಬ ಮುದುಕಿಯ ಮೇಕೆ ಕೊಟ್ಟಿಗೆಯ ತನಕ ಬಂದಿತ್ತು. ಕೊಯ್ಯದಿದ್ದರೆ ಬೆಂಕಿಯ ಭಯ. ಕೊಯ್ಯಲು ಹೋದರೆ, ಹುಲ್ಲಿನ ಬುಡದಲ್ಲಿ ಬೋಲ್ಟು, ಹಳಿಯ ತುಂಡು, ಕಬ್ಬಿಣದ ಗೂಟ. ತನುಜಾ ಒಪ್ಪಿಕೊಂಡು ಬಂದಳು. ಅಂದಿನಿಂದ ಅವಳಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಕಲ್ಲು ಹಾರುತ್ತಿತ್ತು.

ನೆಲ ನೋಡಿ ನೇಗಿಲು ಕಟ್ಟು ಎಂಬುದು ನಮ್ಮ ಹಿರಿಯರ ಮಾತು. ಯಾವ ಯಂತ್ರ ಕಟ್ಟಬೇಕೆಂದು ತಿಳಿಯಲು ಅವಳು ಒಂದು ಭಾನುವಾರ ಒಬ್ಬಳೇ ಆ ಹುಲ್ಲಿಗೆ ಇಳಿದಳು. ಕೋಲಿನಿಂದ ಕೆದಕುತ್ತ, ಕಬ್ಬಿಣ ತಗುಲಿದ ಕಡೆಯೆಲ್ಲ ಅಜ್ಜಿಯಂತೆ ಹುಲ್ಲಿಗೆ ಗಂಟು ಹಾಕಿ ಬಂದಳು. ಎರಡು ದಿನ ಬಿಟ್ಟು ಆ ಕಬ್ಬಿಣ ಕೀಳಲೆಂದು ಹಾರೆ ಹಿಡಿದು ಹೋದರೆ, ಎಲ್ಲಿ ನೋಡಿದರೂ ಗಂಟು! ತಾನು ಕಾಲಿಡದ ನಡುಭಾಗದಲ್ಲೂ ಗಂಟು. ಅವಳು ಹಾರೆ ನೆಲಕ್ಕೂರಿ ನಿಂತಳು.

ಮೇಕೆ ಹೊಡೆದುಕೊಂಡು ಬಂದ ಚಿನ್ನಮ್ಮ ನಕ್ಕಳು. "ಯಾಕವ್ವಾ, ದೆವ್ವ ಕಂಡೋರಂಗೆ ನಿಂತ್‌ಬಿಟ್ಟೆ?"

"ಅಜ್ಜಿ, ಇಷ್ಟೊಂದು ಗಂಟು ಯಾರು ಹಾಕಿದ್ದು?"

"ನಮ್ ಹುಡುಗ್ರು ಕಣವ್ವಾ. ಇಸ್ಕೂಲಲ್ಲಿ ಪರೀಕ್ಷೆ ಅಲ್ವಾ. ಹುಲ್ಲಿಗೆ ಗಂಟು ಹಾಕ್ಬಿಟ್ರೆ ಮೇಷ್ಟ್ರ ಬಾಯಿ ಕಟ್ಟುತ್ತಂತೆ. ಓದೋದೊಂದ್ ಬಿಟ್ಟು ಎಲ್ಲಾ ಮಾಡ್ತವೆ."

"ರೋಡಲ್ಲಿ ಹೋಗಲ್ವಾ ಅವರು?"

"ರೋಡು ಸುತ್ತು. ಈ ಹುಲ್ಲೊಳಗೇ ನುಗ್ತವೆ. ಒಂದೊಂದ್ ಸಲ ಇಸ್ಕೂಲಿಗೂ ಹೋಗ್ದೆ ಇಲ್ಲೇ ಅವಿತ್ಕೊಂಡಿರ್ತವೆ."

ತನುಜಾಳ ಮೈಯೆಲ್ಲ ಕಿವಿಯಾಯಿತು. ಹುಲ್ಲು ಅಲ್ಲಾಡಿದಲ್ಲೆಲ್ಲ ಒಂದು ಮಗುವಿನ ಮುಖ ಇದೆಯೇನೋ ಎಂದು ನೋಡಿದಳು. ಗಾಳಿ ಅಷ್ಟೆ.

ಮರುದಿನವೇ ಶಿವಮೊಗ್ಗದಲ್ಲಿ ಟ್ರ್ಯಾಕ್ಟರ್ ಉಪಕರಣ ಮಾರುವ ಹರಿಪ್ರಸಾದನ ಅಂಗಡಿಯಲ್ಲಿ ನಿಂತಿದ್ದಳು. ಅವನು ಮೊದಲು ಸ್ಲ್ಯಾಷರನ್ನೇ ತಟ್ಟಿ ತೋರಿಸಿದ.

"ತಗೊಳಿ ಅಕ್ಕಾ, ಇದು ಗಂಡು. ಹುಲ್ಲು, ಪೊದೆ, ಲಂಟಾನ, ಯಾವುದಕ್ಕೂ ಕೇರ್ ಮಾಡಲ್ಲ."

"ಕಲ್ಲು ಎಷ್ಟು ದೂರ ಹಾರುತ್ತೆ?"

"ಸೈಡಿಗೆ ಚೈನ್ ಇದೆಯಲ್ಲ, ತಡೆಯುತ್ತೆ."

"ನಮ್ದಕ್ಕೂ ಇತ್ತು ಚೈನು."

ಹರಿಪ್ರಸಾದ್ ಮುಂದಿನದಕ್ಕೆ ಹೋದ. ಅದು ಫ್ಲೇಲ್. ಒಂದು ಉದ್ದ ದಿಂಡಿಗೆ ಜೋಲು ಬಿಟ್ಟ ಸಣ್ಣ ಸಣ್ಣ ಅಲಗುಗಳು, ಮೇಲೆ ಗಟ್ಟಿ ಮುಚ್ಚಳ. ಕಲ್ಲಿಗೆ ತಗುಲಿದರೆ ಅಲಗು ಹಿಂದೆ ಮಡಚಿಕೊಳ್ಳುತ್ತದೆ. ಕಲ್ಲು ಹಾರುವುದು ಕಡಿಮೆ. ಆದರೆ ತನುಜಾ 'ಕಡಿಮೆ' ಎಂಬ ಮಾತಿಗೇ ಸಿಕ್ಕಿಕೊಂಡಳು. ಸಾಲದ್ದಕ್ಕೆ ಅದು ಹುಲ್ಲನ್ನು ಪುಡಿ ಮಾಡಿ ಚೆಲ್ಲುತ್ತದೆ, ಅವಳ ಹಳೇ ಟ್ರ್ಯಾಕ್ಟರಿಗೆ ಭಾರ ಕೂಡ.

ಮೂರನೆಯದು ಗೋಡೆಗೆ ಒರಗಿತ್ತು, ಕಟ್ಟರ್ ಬಾರ್. ಗರಗಸದ ಹಾಗೆ ಸಾಲು ಹಲ್ಲು, ಆಚೀಚೆ ಸರಿಯುತ್ತ ಹುಲ್ಲಿನ ಬುಡ ಕತ್ತರಿಸಿ ಹಾಗೇ ಮಲಗಿಸುತ್ತದೆ. ಸುತ್ತುವುದೂ ಇಲ್ಲ, ಎಸೆಯುವುದೂ ಇಲ್ಲ. ಹೊರೆ ಕಟ್ಟಲೂ ಹುಲ್ಲು ಉದ್ದಕ್ಕೆ ಸಿಗುತ್ತದೆ.

"ಅದು ಬೇಡ ಅಕ್ಕಾ," ಹರಿಪ್ರಸಾದ್ ತಲೆಯಾಡಿಸಿದ. "ನೀವ್ ಹೇಳೋ ಜಾಗಕ್ಕೆ ಅದು ಆಗಲ್ಲ. ಒಂದ್ ಬೋಲ್ಟ್ ಸಿಕ್ರೆ ಹಲ್ಲು ಫಟ್ ಅಂತ ಮುರಿಯುತ್ತೆ. ಹುಲ್ಲು ಒತ್ತಾಗಿದ್ರೆ ಸಿಕ್ಕಾಕ್ಕೊಳ್ಳುತ್ತೆ. ಆಮೇಲೆ ನನ್ನ ಬೈತೀರಿ."

"ಹಲ್ಲು ಮುರಿದ್ರೆ ನಿನ್ ಅಂಗಡೀಲಿ ಸಿಗುತ್ತಲ್ಲ?"

"ಸಿಗುತ್ತೆ."

"ಕಣ್ಣು ಸಿಗುತ್ತಾ?"

ಹರಿಪ್ರಸಾದ್ ಕಟ್ಟರ್ ಬಾರನ್ನು ಹೊರಗೆ ತೆಗೆಸಿದ.

ಕೊಂಡ ಮೇಲೂ ನೆಮ್ಮದಿ ಬರಲಿಲ್ಲ. ಯಾವ ಗಂಟು ತನ್ನದು, ಯಾವುದು ಮಕ್ಕಳದು ತಿಳಿಯದೆ ಪ್ರತಿ ಗಂಟಿನ ಬುಡವನ್ನೂ ಕೆದಕಿದಳು. ಕಬ್ಬಿಣ ಕಿತ್ತು ರಾಶಿ ಹಾಕಿದಳು. ಬೊಬ್ಬೆಯೆದ್ದ ಕೈಯಲ್ಲೇ ಶಾಲೆಗೆ ಹೋಗಿ, ಕೊಯ್ಲು ಮುಗಿಯುವ ತನಕ ಮಕ್ಕಳನ್ನು ಆಚೆಯ ರಸ್ತೆಯಲ್ಲೇ ಕಳಿಸಿರೆಂದು ಕೇಳಿಕೊಂಡಳು.

ಕೊಯ್ಲಿನ ಮೊದಲ ದಿನ, ಶಾಲೆಯ ಗಂಟೆ ಹೊಡೆದ ಮೇಲೆ ಹುಲ್ಲನ್ನೆಲ್ಲ ಕೋಲಿನಿಂದ ಬಡಿದು, ಯಾರೂ ಅವಿತಿಲ್ಲವೆಂದು ನೋಡಿಯೇ ಅವಳು ಟ್ರ್ಯಾಕ್ಟರ್ ಹತ್ತಿದಳು. ಎರಡು ಸಾಲು ಹುಲ್ಲು ಸೀರೆಯ ಸೆರಗಿನಂತೆ ಮಲಗಿತು. ಮೂರನೆಯ ಸಾಲಿನಲ್ಲಿ, ಹರಿಪ್ರಸಾದ್ ಹೇಳಿದ ಹಾಗೆಯೇ, ಒತ್ತಾದ ಹುಲ್ಲು ಹಲ್ಲಿಗೆ ಸಿಕ್ಕಿಕೊಂಡಿತು. ಎರಡು ಹೆಜ್ಜೆ ಮುಂದೆ ಹೋದರೆ ಮತ್ತೆ ಅದೇ ಕಥೆ. ಪ್ರತಿ ಸಲವೂ ಇಂಜಿನ್ ನಿಲ್ಲಿಸಿ, ಇಳಿದು, ಹುಲ್ಲು ಬಿಡಿಸಿ, ಹತ್ತಬೇಕು. ಬಿಸಿಲು ಏರುತ್ತಿತ್ತು.

ಗೇಟಿನ ಕೆಲಸಕ್ಕೆ ರಜೆ ಹಾಕಿ ಬಂದಿದ್ದ ರುದ್ರೇಶ್ ರಸ್ತೆಯ ಆಚೆ ಬದಿಯಿಂದ ಕೂಗಿದ. "ಎಷ್ಟು ಸಲ ಹತ್ತಿ ಇಳೀತೀಯ ಮಾರಾಯ್ತಿ! ನೀನು ಸೀಟಲ್ಲೇ ಇರು. ನಾನು ಪಕ್ಕದಲ್ಲೇ ನಡ್ಕೊಂಡ್ ಬಂದು ಹುಲ್ಲು ಎಳೆದು ಹಾಕ್ತೀನಿ. ಒಂದೇ ಕಣ್ಣಾದ್ರೂ ಕೈ ಎರಡಿದೆಯಲ್ಲ!" ಎನ್ನುತ್ತ ಪಂಚೆ ಎತ್ತಿ ಕಟ್ಟಿ ರಸ್ತೆ ದಾಟಲು ಹೊರಟ.

ತನುಜಾ ಇಂಜಿನ್ ಆರಿಸಿ ಎದ್ದು ನಿಂತಳು.

"ಅಲ್ಲೇ ನಿಂತ್ಕೊಳಿ ರೀ! ಆ ಎರಡು ಕೈ ಇರ್ಲಿ ಅಂತಾನೇ ಹೇಳ್ತಿರೋದು. ನಾನು ಸೀಟಲ್ಲಿ ಕೂತು, ನೀವು ಹಲ್ಲೊಳಗೆ ಕೈ ಹಾಕೋದು ಬೇಡ. ನಾನೇ ನಿಲ್ಲಿಸ್ತೀನಿ, ನಾನೇ ಬಿಡಿಸ್ತೀನಿ, ನಾನೇ ಓಡಿಸ್ತೀನಿ. ವಾರ ಹಿಡಿದ್ರೆ ಹಿಡೀಲಿ. ನೀವು ರಸ್ತೆ ಬಿಟ್ಟು ಈ ಕಡೆ ಕಾಲಿಡ್ಬೇಡಿ."